24 ವೋಲ್ಟ್ ಸಾಕಾಗುತ್ತಾ? ಲೂಪ್ ಲೆಕ್ಕ ಹಾಕಿ ನೋಡೋಣ

ಫ್ಯಾಕ್ಟರಿಯ ಓವನ್ ಒಳಗಿರುವ ಕೆ ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡೋದು ಸುಮಾರು 41 ಮೈಕ್ರೋವೋಲ್ಟ್ ಅಷ್ಟೇ. ಇಷ್ಟು ಚಿಕ್ಕ ಸಿಗ್ನಲನ್ನು ದೂರದ ಕಂಟ್ರೋಲ್ ರೂಮಿಗೆ ನೇರವಾಗಿ ಕಳಿಸಿದರೆ ದಾರಿಯಲ್ಲಿ ಮೋಟಾರ್, ಡ್ರೈವ್‌ಗಳ ನಾಯ್ಸ್ ಸೇರಿಕೊಳ್ಳುತ್ತೆ. ಅದಕ್ಕೇ ಸೆನ್ಸರ್ ಹತ್ತಿರವೇ ಟೆಂಪರೇಚರ್ ಟ್ರಾನ್ಸ್‌ಮಿಟರ್ ಇಡ್ತಾರೆ. ಅದು ತಾಪಮಾನವನ್ನು 4ರಿಂದ 20 ಮಿಲಿಆಂಪ್ ಕರೆಂಟ್ ಆಗಿ ಬದಲಾಯಿಸುತ್ತೆ. ಸೀರೀಸ್ ಸರ್ಕ್ಯೂಟ್‌ನಲ್ಲಿ ಎಲ್ಲ ಕಡೆ ಒಂದೇ ಕರೆಂಟ್. ಹಾಗಾಗಿ ವೈರ್ ಉದ್ದ ಆಯ್ತು ಅಂತ ರೀಡಿಂಗ್ ಬದಲಾಗಲ್ಲ.

ಸೊನ್ನೆ ಬಿಟ್ಟು 4ರಿಂದ ಯಾಕೆ ಶುರು? ಎರಡು ಕಾರಣ ಇದೆ. ಒಂದು, ವೈರ್ ಕಟ್ ಆದರೆ ಕರೆಂಟ್ ಸೊನ್ನೆಗೆ ಇಳಿಯುತ್ತೆ, ತೊಂದರೆ ತಕ್ಷಣ ಗೊತ್ತಾಗುತ್ತೆ. ಇನ್ನೊಂದು, ಟೂ ವೈರ್ ಟ್ರಾನ್ಸ್‌ಮಿಟರ್‌ಗೆ ಬೇರೆ ಸಪ್ಲೈ ವೈರ್ ಇರಲ್ಲ. ಸಿಗ್ನಲ್ ಹೋಗುವ ಅದೇ ಎರಡು ವೈರ್‌ನಿಂದ, ಆ 4 ಮಿಲಿಆಂಪ್ ಒಳಗೇ ಅದು ತನ್ನ ಹೊಟ್ಟೆ ತುಂಬಿಸಿಕೊಳ್ಳಬೇಕು.

ಆದರೆ ಟ್ರಾನ್ಸ್‌ಮಿಟರ್ ಕರೆಂಟನ್ನು ಕಂಟ್ರೋಲ್ ಮಾಡುತ್ತೆಯೇ ಹೊರತು ವೋಲ್ಟೇಜ್ ಹುಟ್ಟಿಸಲ್ಲ. ಅದರ ಟರ್ಮಿನಲ್‌ಗಳ ನಡುವೆ ಡೇಟಾಶೀಟ್ ಹೇಳಿದ ಕನಿಷ್ಠ ವೋಲ್ಟೇಜ್ ಉಳಿಯಲೇಬೇಕು. ಅದು 12 ವೋಲ್ಟ್ ಅಂತ ಇಟ್ಕೊಳ್ಳಿ. ಸಪ್ಲೈ 24 ವೋಲ್ಟ್. ಅಂದರೆ ಲೂಪ್‌ನ ಉಳಿದ ಭಾಗಕ್ಕೆ ಸಿಗೋದು 12 ವೋಲ್ಟ್ ಮಾತ್ರ. 20 ಮಿಲಿಆಂಪ್‌ಗೆ ಲೆಕ್ಕ ಹಾಕಿದರೆ 12 ಭಾಗಿಸು 0.020, ಅಂದರೆ ಗರಿಷ್ಠ 600 ಓಮ್.

ಈಗ ಖರ್ಚಿನ ಪಟ್ಟಿ ಬರೆಯೋಣ. ಪಿಎಲ್‌ಸಿ ಇನ್‌ಪುಟ್ 250 ಓಮ್, ರೆಕಾರ್ಡರ್ 250 ಓಮ್. 0.5 ಚದರ ಮಿಲಿಮೀಟರ್ ಕೇಬಲ್ 500 ಮೀಟರ್ ಇದ್ದರೆ ಹೋಗಿ ಬರಲು 1 ಕಿಲೋಮೀಟರ್ ತಾಮ್ರ, ಸುಮಾರು 36 ಓಮ್. ಒಟ್ಟು 536. ಪಾಸ್!

ಆಮೇಲೆ ಯಾರೋ ಅದೇ ಲೂಪ್‌ಗೆ ಇನ್ನೊಂದು 250 ಓಮ್ ಇಂಡಿಕೇಟರ್ ಸೇರಿಸ್ತಾರೆ. ಈಗ 786 ಓಮ್. ರೇಂಜ್ 0ರಿಂದ 400 ಡಿಗ್ರಿ ಸೆಲ್ಸಿಯಸ್ ಅಂದುಕೊಳ್ಳಿ. 200 ಡಿಗ್ರಿಯಲ್ಲಿ 12 ಮಿಲಿಆಂಪ್ ಹರಿಯುತ್ತೆ, 9.4 ವೋಲ್ಟ್ ಡ್ರಾಪ್ ಆಗುತ್ತೆ, ಎಲ್ಲ ಸರಿಯಾಗೇ ಕಾಣುತ್ತೆ. ಆದರೆ 12 ವೋಲ್ಟ್‌ನಲ್ಲಿ 786 ಓಮ್ ಮೂಲಕ ಹರಿಯೋದು ಹೆಚ್ಚೆಂದರೆ 15.3 ಮಿಲಿಆಂಪ್. ಅಂದರೆ ಸುಮಾರು 282 ಡಿಗ್ರಿ. ಅದರ ಮೇಲೆ ಟ್ರಾನ್ಸ್‌ಮಿಟರ್ ರೀಸ್ಟಾರ್ಟ್ ಆಗ್ತಾ ಇರಬಹುದು, ಇಲ್ಲವೇ ರೀಡಿಂಗ್ ಅಲ್ಲೇ ನಿಂತುಬಿಡಬಹುದು. ಓವನ್ 350 ಮುಟ್ಟಿದರೂ ಸ್ಕ್ರೀನ್ ಮೇಲೆ 282. 300ಕ್ಕೆ ಅಲಾರ್ಮ್ ಇಟ್ಟಿದ್ದರೆ ಅದು ಕೂಗೋದೇ ಇಲ್ಲ!

ಹಾಗಾಗಿ ಲೂಪನ್ನು ರೂಮ್ ಟೆಂಪರೇಚರ್‌ನಲ್ಲಿ ಮಾತ್ರ ಟೆಸ್ಟ್ ಮಾಡಿದರೆ ಸಾಲದು. ಕ್ಯಾಲಿಬ್ರೇಟರ್‌ನಿಂದ ಫುಲ್ ಸ್ಕೇಲ್ ಸಿಗ್ನಲ್ ಕೊಟ್ಟು 20 ಮಿಲಿಆಂಪ್ ಬರುತ್ತಾ ನೋಡಬೇಕು. ಹಲವು ಟ್ರಾನ್ಸ್‌ಮಿಟರ್‌ಗಳು ಫಾಲ್ಟ್ ತಿಳಿಸಲು 21 ಮಿಲಿಆಂಪ್‌ಗಿಂತ ಮೇಲೆ ಹೋಗುತ್ತವೆ, ಆದ್ದರಿಂದ ಲೆಕ್ಕ 22ಕ್ಕೆ ಹಾಕೋದು ಇನ್ನೂ ಒಳ್ಳೇದು. ನಮ್ಮ 536 ಓಮ್ ಲೂಪ್ ಅದರಲ್ಲೂ ಪಾಸ್, ಆದರೆ ಮಿಗೋದು 0.2 ವೋಲ್ಟ್ ಮಾತ್ರ.

ಸಾಕಾಗದಿದ್ದರೆ ಡೇಟಾಶೀಟ್ ಮಿತಿಯೊಳಗೆ ಸಪ್ಲೈ ವೋಲ್ಟೇಜ್ ಏರಿಸಿ, ಅಥವಾ ಕಡಿಮೆ ಓಮ್‌ನ ಇಂಡಿಕೇಟರ್ ಹಾಕಿ. ಮುಂದೆ ಇಂಟರ್ನ್‌ಶಿಪ್‌ನಲ್ಲಿ ಯಾರಾದರೂ "ಲೂಪ್‌ಗೆ ಇನ್ನೊಂದು ಮೀಟರ್ ಸೇರಿಸು" ಅಂದರೆ, ಸ್ಕ್ರೂಡ್ರೈವರ್‌ಗಿಂತ ಮೊದಲು ಕ್ಯಾಲ್ಕುಲೇಟರ್ ತೆಗೀರಿ.