ರಕ್ತ ಪರೀಕ್ಷೆಗೆ ಅಂಜಬೇಡಿರಿ

ಜೋಳದ ಕಾಡಿಗೆ ರೋಗ ತೆನೆ ಹೊರಬರುವವರೆಗೆ ಕಣ್ಣಿಗೆ ಬೀಳದು. ಎಚ್.ಐ.ವಿ. ವೈರಾಣುವೂ ಹಾಗೆಯೇ, ವರ್ಷಗಟ್ಟಲೆ ರಕ್ತದಲ್ಲಿದ್ದರೂ ಮುಖ ನೋಡಿ ಹೇಳಲಾಗದು.

1983ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು ಈ ವೈರಾಣುವನ್ನು ಗುರುತಿಸಿದರು. ಇದು ನಮ್ಮ ದೇಶಕ್ಕೂ ಬಂದಿರಬಹುದೆಂಬ ಸಂಶಯದಿಂದ 1986ರಲ್ಲಿ ಮದ್ರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ, ಹೆಚ್ಚು ಅಪಾಯದಲ್ಲಿದ್ದ ಮಹಿಳೆಯರ ರಕ್ತ ಸಂಗ್ರಹಿಸಿದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಕೆಲವರಲ್ಲಿ ಸೋಂಕು ಪತ್ತೆಯಾಯಿತು.

ಇಂದು ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ, ಹೆಸರನ್ನು ಗುಟ್ಟಾಗಿಡುತ್ತಾರೆ. ನಿತ್ಯ ಔಷಧ ತೆಗೆದುಕೊಂಡವರು ಹೊಲಮನೆ ನೋಡಿಕೊಂಡು ಬಹುಕಾಲ ಬಾಳಬಲ್ಲರು. ಗರ್ಭಿಣಿಗೆ ಬೇಗ ತಿಳಿದರೆ ಕೂಸಿಗೆ ಸೋಂಕು ತಗಲದಂತೆ ತಡೆಯಬಹುದು.

ಕುಷ್ಠರೋಗಿಯನ್ನು ಯೇಸುಸ್ವಾಮಿ ಮುಟ್ಟಿ ಗುಣಪಡಿಸಿದರು. ಸೋಂಕು ತಗುಲಿದವರನ್ನು ನಾವು ದೂರವಿಡುವುದು ಬೇಡ.