ಬುರೈಮಿಯಲ್ಲಿ ಕ್ಯಾರವಾನ್: ಸೌಲಭ್ಯದ ಅಂಗಳವೋ, ಬರಿ ಬಯಲೋ?

ನವೆಂಬರ್ ಕಾಲಿಟ್ಟರೆ ಸಾಕು, ಕೊಲ್ಲಿ ದೇಶಗಳಲ್ಲಿರುವ ಕನ್ನಡ ಕುಟುಂಬಗಳು ಹೊರಗೆ ರಾತ್ರಿ ಕಳೆಯುವ ಲೆಕ್ಕಾಚಾರಕ್ಕೆ ಇಳಿಯುತ್ತವೆ. ದುಬೈ, ಅಬುಧಾಬಿಯವರಿಗೂ ಮಸ್ಕತ್‌ನವರಿಗೂ ಒಂದೇ ದಿನದಲ್ಲಿ ತಲುಪಬಹುದಾದ ಜಾಗ ಬುರೈಮಿ. ಒಮಾನಿನ ವಾಯವ್ಯ ಮೂಲೆಯ ಈ ಪಟ್ಟಣ ಎಮಿರೇಟ್ಸ್‌ನ ಅಲ್ ಐನ್ ನಗರಕ್ಕೆ ಅಂಟಿಕೊಂಡೇ ಬೆಳೆದಿದೆ. ಮಸ್ಕತ್‌ನಿಂದ ಸೊಹಾರ್ ಮಾರ್ಗವಾಗಿ ಸುಮಾರು 330 ಕಿ.ಮೀ. ದುಬೈನಿಂದ ಅಲ್ ಐನ್‌ಗೆ ಎರಡು ಗಂಟೆಯೊಳಗಿನ ಹಾದಿ, ಆಮೇಲೆ ಗಡಿ.

ಕ್ಯಾರವಾನ್ ತರುವವರು ಹೊರಡುವ ಮೊದಲೇ ತೀರ್ಮಾನಿಸಬೇಕಾದ ಸಂಗತಿ ಒಂದಿದೆ. ವಿದ್ಯುತ್, ನೀರು, ಶೌಚಾಲಯ ಇರುವ ಸೌಲಭ್ಯದ ತಾಣದಲ್ಲಿ ತಂಗುವುದೋ, ಏನೂ ಇಲ್ಲದ ಬಯಲಿನಲ್ಲೋ? ಬಹಳಷ್ಟು ಜನ ಇದನ್ನು ಖರ್ಚಿನ ಪ್ರಶ್ನೆ ಎಂದುಕೊಳ್ಳುತ್ತಾರೆ. ಬುರೈಮಿಯ ಮಟ್ಟಿಗೆ ಇದು ಋತು, ನೀರು ಮತ್ತು ಕಸದ ಪ್ರಶ್ನೆ. ಈ ಮೂರಕ್ಕೆ ಉತ್ತರ ಸಿಕ್ಕರೆ ಜಾಗ ಯಾವುದೆಂಬುದು ತಾನಾಗಿ ನಿರ್ಧಾರವಾಗುತ್ತದೆ.

ಇಲ್ಲಿ ಸೌಲಭ್ಯ ಎಂದರೇನು?

ಸಂಖ್ಯೆ ಬರೆದ ಜಾಗಗಳು, ಪ್ರತಿಯೊಂದರ ಪಕ್ಕದಲ್ಲೂ ವಿದ್ಯುತ್ ಕಂಬ ಮತ್ತು ನಲ್ಲಿ: ಯುರೋಪಿನ ಕ್ಯಾರವಾನ್ ಪಾರ್ಕ್ ಇರುವುದು ಹೀಗೆ. ಒಮಾನಿನಲ್ಲಿ ಆ ಪದ್ಧತಿ ಬೇರೂರಿಲ್ಲ. ಬೆಟ್ಟ, ಮರಳು, ಕಡಲತೀರ ಎಲ್ಲೆಂದರಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವುದೇ ಅಲ್ಲಿನವರ ರೂಢಿ. ಹಾಗಾಗಿ ಬುರೈಮಿಯ ಸುತ್ತ ಸೌಲಭ್ಯದ ತಾಣ ಎಂದರೆ ಸಾಮಾನ್ಯವಾಗಿ ಎರಡು ಬಗೆ. ಒಂದು, ದಿನದ ಬಾಡಿಗೆಗೆ ಸಿಗುವ ಇಸ್ತಿರಾಹಾ, ಅಂದರೆ ಕಾಂಪೌಂಡು, ಕೋಣೆ, ಅಡುಗೆಮನೆ, ಶೌಚಾಲಯ ಇರುವ ತೋಟದ ಮನೆ. ಇನ್ನೊಂದು, ಮಾಲೀಕರ ಒಪ್ಪಿಗೆ ಪಡೆದು ಗಾಡಿ ನಿಲ್ಲಿಸಬಹುದಾದ ಹೋಟೆಲಿನ ಆವರಣ. ಗಡಿಯಾಚೆ ಅಲ್ ಐನ್ ಬದಿಯಲ್ಲಿ, ಜಬಲ್ ಹಫೀತ್ ಬೆಟ್ಟದ ಬುಡದ ಮರುಭೂಮಿ ಉದ್ಯಾನದಲ್ಲಿ, ಶುಲ್ಕ ಕೊಟ್ಟು ತಂಗುವ ವ್ಯವಸ್ಥೆಯಿದೆ. ಆದರೆ ಅಲ್ಲಿ ಒಂದು ರಾತ್ರಿ, ಇಲ್ಲಿ ಒಂದು ರಾತ್ರಿ ಎಂದು ಯೋಜಿಸಿದರೆ ಪ್ರತಿ ಸಲವೂ ಗಡಿ ದಾಟಬೇಕು. ವೀಸಾ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಕರೆಮಾಡಿ ಜಾಗ ಕಾಯ್ದಿರಿಸುವಾಗ ಈ ಐದು ಪ್ರಶ್ನೆ ಕೇಳಲೇಬೇಕು:

- ಗೇಟಿನ ಅಗಲ, ಎತ್ತರ ಎಷ್ಟು? ಕ್ಯಾರವಾನ್ ಒಳಗೆ ತಿರುಗುತ್ತದೆಯೇ?
- ನಿಲ್ಲಿಸುವ ಜಾಗಕ್ಕೂ ಪ್ಲಗ್ ಪಾಯಿಂಟ್‌ಗೂ ಎಷ್ಟು ಮೀಟರ್ ದೂರ?
- ನೀರು ಟ್ಯಾಂಕರ್‌ನದೋ, ಕೊಳಾಯಿಯದೋ? ಕುಡಿಯಬಹುದೇ?
- ಶೌಚದ ಕ್ಯಾಸೆಟ್ (ಕ್ಯಾರವಾನ್‌ನಿಂದ ಹೊರತೆಗೆಯಬಹುದಾದ ಮಲಿನದ ತೊಟ್ಟಿ) ಖಾಲಿ ಮಾಡಲು ಅನುಮತಿ ಇದೆಯೇ?
- ಬಾಡಿಗೆಯಲ್ಲಿ ವಿದ್ಯುತ್ ಮತ್ತು ಶುಚಿಗೊಳಿಸುವ ಖರ್ಚು ಸೇರಿದೆಯೇ?

ಮೊದಲ ಪ್ರಶ್ನೆ: ಯಾವ ತಿಂಗಳು?

ಜನವರಿಯಲ್ಲಿ ಇಲ್ಲಿ ಹಗಲು 25 ಡಿಗ್ರಿಯ ಆಸುಪಾಸು, ರಾತ್ರಿ 12ರ ಸುತ್ತಮುತ್ತ. ಎ.ಸಿ. ಬೇಡ, ಕಂಬಳಿ ಬೇಕು. ಜೂನ್, ಜುಲೈಗಳಲ್ಲಿ ಹಗಲು 45 ಡಿಗ್ರಿ ಮುಟ್ಟುತ್ತದೆ, ತಗಡಿನ ಗೋಡೆಯ ಕ್ಯಾರವಾನ್ ರಾತ್ರಿಯೂ ತಣಿಯುವುದಿಲ್ಲ. ಬಯಲಿನ ವಾಸಕ್ಕೆ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗಿನ ಕಾಲ ಮಾತ್ರ ಯೋಗ್ಯ. ಅದರ ಹಿಂದುಮುಂದಿನ ವಾರಗಳಲ್ಲಿ ಬಂದರೆ ವಿದ್ಯುತ್ ಇರುವ ಜಾಗವನ್ನೇ ಹಿಡಿಯಿರಿ. ನಡುಬೇಸಿಗೆಯಲ್ಲಿ ಬರಲೇಬೇಡಿ.

ಎ.ಸಿ.ಗೆ ವಿದ್ಯುತ್ ಏಕೆ ಬೇಕೆಂಬುದು ಸರಳ ಗಣಿತ. ಕ್ಯಾರವಾನ್ ಚಾವಣಿಯ ಎ.ಸಿ. ಓಡಲು 1,000ದಿಂದ 1,500 ವಾಟ್ ಬೇಕು. 100 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿರುವುದು 1,200 ವಾಟ್-ಅವರ್. ಸೀಸದ ಬ್ಯಾಟರಿಯಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬಹುದು, ಅಂದರೆ ಅರ್ಧ ಗಂಟೆಯ ತಂಪು. ಅದೇ ಬ್ಯಾಟರಿ ಚಳಿಗಾಲದಲ್ಲಿ ದೀಪ, ಫೋನ್, ನೀರಿನ ಪಂಪಿಗೆ ಎರಡು ರಾತ್ರಿ ಧಾರಾಳವಾಗಿ ಸಾಕು. ಫ್ರಿಜ್ ಕೂಡ ಅದರಲ್ಲೇ ಓಡಬೇಕೆಂದರೆ ಒಂದು ಸೌರಫಲಕವನ್ನು ಜೊತೆಗೆ ತನ್ನಿ.

ಸೌಲಭ್ಯದ ತಾಣದಲ್ಲೂ ವಿದ್ಯುತ್‌ಗೆ ಮಿತಿಯಿದೆ. ಒಮಾನಿನ ಮನೆಗಳದ್ದು 240 ವೋಲ್ಟ್, ಬ್ರಿಟಿಷ್ ಮಾದರಿಯ ಚೌಕ ಮೂರು ಪಿನ್‌ಗಳ 13 ಆಂಪಿಯರ್ ಪ್ಲಗ್. ಗುಣಿಸಿದರೆ ಸುಮಾರು 3,100 ವಾಟ್. ಎ.ಸಿ., ಕೆಟಲ್, ಇಂಡಕ್ಷನ್ ಒಲೆ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುವುದು ಖಚಿತ. ಕ್ಯಾರವಾನ್‌ನ ನೀಲಿ ಪ್ಲಗ್‌ನಿಂದ ಮನೆಯ ಪ್ಲಗ್‌ಗೆ ಅಡಾಪ್ಟರ್ ನೀವೇ ತರಬೇಕು. ಎಕ್ಸ್‌ಟೆನ್ಷನ್ ತಂತಿಯನ್ನು ಸುರುಳಿಯಿಂದ ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿಟ್ಟ ತಂತಿ ಬಿಸಿಯಾಗಿ ಕರಗಬಹುದು.

ಎರಡನೆಯ ಪ್ರಶ್ನೆ: ಎಷ್ಟು ನೀರು?

ನಾಲ್ವರ ಕುಟುಂಬಕ್ಕೆ ಚಳಿಗಾಲದಲ್ಲಿ ಕುಡಿಯಲು, ಅಡುಗೆಗೆ, ಮುಖ ತೊಳೆಯಲು ತಲೆಗೆ ದಿನಕ್ಕೆ 10 ಲೀಟರ್ ಬೇಕು. ಎರಡು ದಿನಕ್ಕೆ 80 ಲೀಟರ್, ಮೇಲೆ 20 ಲೀಟರ್ ಆಪತ್ತಿಗೆ. ಈ 100 ಲೀಟರಿನ ತೂಕವೇ 100 ಕಿಲೋ. ನಿಮ್ಮ ಗಾಡಿ ಎಳೆಯಬಲ್ಲ ಭಾರದೊಳಗೆ ಅದೂ ಸೇರಿರಬೇಕು. ಸ್ನಾನವನ್ನೂ ಲೆಕ್ಕಕ್ಕೆ ಹಿಡಿದರೆ ಬಯಲಿನ ಎರಡನೆಯ ರಾತ್ರಿ ಕಷ್ಟ. ಹಸುಗೂಸು, ವೃದ್ಧರು, ಪದೇಪದೇ ಶೌಚಾಲಯ ಬೇಕಾಗುವವರು ಜೊತೆಗಿದ್ದರೆ ಯೋಚನೆಯೇ ಬೇಡ, ಸೌಲಭ್ಯದ ತಾಣವೇ ಸರಿ.

ದಾರಿಯಲ್ಲಿ ಕಾಣುವ ಫಲಜ್ ಕಾಲುವೆಗಳನ್ನು ನಂಬಿಕೊಂಡು ಬರಬೇಡಿ. ಕಾಸರಗೋಡು, ದಕ್ಷಿಣ ಕನ್ನಡದ ಸುರಂಗಗಳಂತೆ ಫಲಜ್ ಕೂಡ ನೆಲದೊಳಗಿನ ನೀರನ್ನು ಬರಿಯ ಇಳಿಜಾರಿನ ಬಲದಿಂದ ಹೊರತರುತ್ತದೆ. ಒಮಾನಿನ ಐದು ಫಲಜ್‌ಗಳು 2006ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಈ ನೀರಿನಲ್ಲಿ ಪ್ರತಿ ತೋಟಕ್ಕೂ ಪಾಲು, ಪ್ರತಿ ಪಾಲಿಗೂ ಹೊತ್ತು ಗೊತ್ತಾಗಿರುತ್ತದೆ. ಅದರಲ್ಲಿ ಸೋಪು ಹಚ್ಚಿ ಪಾತ್ರೆ ತೊಳೆದರೆ ಕೆಳಗಿನ ಖರ್ಜೂರದ ತೋಟದವರ ಪಾಲು ಕೆಡಿಸಿದಂತೆ.

ಮೂರನೆಯ ಪ್ರಶ್ನೆ: ಕಸ ಎಲ್ಲಿಗೆ?

ಕ್ಯಾರವಾನ್‌ನ ಶೌಚದ ಕ್ಯಾಸೆಟ್ ಸಾಮಾನ್ಯವಾಗಿ 17ರಿಂದ 20 ಲೀಟರ್ ಹಿಡಿಯುತ್ತದೆ. ನಾಲ್ವರು ಬಳಸಿದರೆ ಎರಡು ದಿನಕ್ಕೆ ತುಂಬುತ್ತದೆ. ಬಯಲಿನ ವಾಸದ ನಿಜವಾದ ಅವಧಿಯನ್ನು ನಿಗದಿ ಮಾಡುವುದು ಇದೇ. ರಾಸಾಯನಿಕ ಬೆರೆತ ಮಲಿನವನ್ನು ಮರಳಿನಲ್ಲಿ ಹೂಳುವಂತಿಲ್ಲ, ಮಳೆ ಬಂದಾಗಷ್ಟೇ ಹರಿಯುವ ವಾದಿ ಎಂಬ ಹಳ್ಳದ ಪಾತ್ರದಲ್ಲಿ ಚೆಲ್ಲುವಂತಿಲ್ಲ. ಅಂತರ್ಜಲವೇ ಜೀವವಾಗಿರುವ ಊರಿನಲ್ಲಿ ಅದು ದೊಡ್ಡ ಅನ್ಯಾಯ. ಇಸ್ತಿರಾಹಾದ ಶೌಚಾಲಯದಲ್ಲಿ, ಮಾಲೀಕರನ್ನು ಕೇಳಿಯೇ, ಖಾಲಿ ಮಾಡಿ. ಅಲ್ಲಿರುವುದು ಸೆಪ್ಟಿಕ್ ಟ್ಯಾಂಕ್ ಆದರೆ ಫಾರ್ಮಾಲ್ಡಿಹೈಡ್ ಇಲ್ಲದ ದ್ರಾವಣವನ್ನೇ ಬಳಸಿರಬೇಕು. ಒಣಕಸವನ್ನು ಚೀಲ ಕಟ್ಟಿ ಪಟ್ಟಣದ ಕಸದ ತೊಟ್ಟಿಗೆ ತನ್ನಿ. ಒಂಟೆ, ಆಡುಗಳು ಪ್ಲಾಸ್ಟಿಕ್ ತಿಂದು ಸಾಯುತ್ತವೆ.

ಬಯಲಾದರೆ ಯಾವ ಬಯಲು?

ಬುರೈಮಿ ಗವರ್ನರೇಟ್‌ನಲ್ಲಿ ಮೂರು ವಿಲಾಯತ್‌ಗಳು, ಅಂದರೆ ತಾಲೂಕಿನಂಥ ಆಡಳಿತ ವಿಭಾಗಗಳು, ಇವೆ: ಬುರೈಮಿ, ಮಹದಾ, ಸುನೈನಾ. ಬುರೈಮಿ ಪಟ್ಟಣದಲ್ಲಿ ಕಂದಕ ಸುತ್ತುವರಿದ ಅಲ್ ಖಂದಕ್ ಕೋಟೆ, ಅಲ್ ಹಿಲ್ಲಾ ಕೋಟೆಮನೆ ನೋಡಬಹುದು. ಖರ್ಜೂರದ ತೋಟಗಳೆಲ್ಲ ಖಾಸಗಿ ಸೊತ್ತು, ಅಲ್ಲಿ ತಂಗುವಂತಿಲ್ಲ. ಪಟ್ಟಣದ ರಾತ್ರಿಗೆ ಸೌಲಭ್ಯದ ತಾಣವೇ ಗತಿ. ಮಹದಾ ಬೆಟ್ಟಗಳ ಸೀಮೆ. ಕಿರಿದಾದ ಕಮರಿಯ ಅಂಚಿನ ಖುತ್ವಾ ಹಳ್ಳಿ ಇರುವುದು ಅಲ್ಲೇ. ಗಟ್ಟಿ ಜಲ್ಲಿನೆಲವಿರುವುದರಿಂದ ಕ್ಯಾರವಾನ್‌ಗೆ ಅನುಕೂಲ. ಸುನೈನಾದ ಕಡೆ ಮರಳು ಹೆಚ್ಚು. ಟ್ರೇಲರ್ ಎಳೆಯುವ ಗಾಡಿ ಅಲ್ಲಿ ಡಾಂಬರು ಬಿಟ್ಟು ಇಳಿಯದಿರುವುದೇ ಲೇಸು. ಅದು ಡೇರೆ ಹೊತ್ತ ಫೋರ್‌ವೀಲ್ ಡ್ರೈವ್ ಗಾಡಿಗಳ ಜಾಗ.

ಜಾಗ ಆರಿಸುವಾಗ ವಾದಿಯ ಒಣ ಪಾತ್ರವನ್ನು ಬಿಟ್ಟುಬಿಡಿ. 2024ರ ಏಪ್ರಿಲ್ 16ರ ಮಳೆಯಲ್ಲಿ, ಬುರೈಮಿಯ ಮಗ್ಗುಲಲ್ಲೇ ಇರುವ ಅಲ್ ಐನ್‌ನ ಖತ್ಮ್ ಅಲ್ ಶಿಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿ.ಮೀ. ಸುರಿಯಿತು. ಅದು ಎಮಿರೇಟ್ಸ್‌ನ 75 ವರ್ಷಗಳ ದಾಖಲೆ. ನಿಮ್ಮ ತಲೆಯ ಮೇಲೆ ಮೋಡವಿಲ್ಲದಿದ್ದರೂ ಬೆಟ್ಟದ ಮೇಲಿನ ಮಳೆ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ. ಪೊದೆಗಳ ಕೊಂಬೆಗೆ ಸಿಕ್ಕಿಕೊಂಡ ಕಸಕಡ್ಡಿ ಹಿಂದಿನ ಪ್ರವಾಹ ಎಷ್ಟು ಎತ್ತರಕ್ಕೆ ಬಂದಿತ್ತೆಂದು ಹೇಳುತ್ತದೆ. ಅದಕ್ಕಿಂತ ಸಾಕಷ್ಟು ಮೇಲೆ ಗಾಡಿ ನಿಲ್ಲಿಸಿ. ಹರಿಯುವ ವಾದಿಗೆ ವಾಹನ ಇಳಿಸುವುದು ಒಮಾನಿನಲ್ಲಿ ಶಿಕ್ಷಾರ್ಹ ಅಪರಾಧ.

ಇನ್ನು ಗಡಿಬೇಲಿ. ಈ ಸೀಮೆ ಯಾರದೆಂಬ ವಿವಾದದಲ್ಲಿ 1952ರಲ್ಲಿ ಸೌದಿ ಪಡೆ ಇಲ್ಲಿನ ಹಮಾಸಾ ಹಳ್ಳಿಯನ್ನು ಹಿಡಿಯಿತು, 1955ರಲ್ಲಿ ಅದನ್ನು ಬಿಟ್ಟು ತೆರಳಬೇಕಾಯಿತು. ಗಡಿ ಇಲ್ಲಿ ಇಂದಿಗೂ ಗಂಭೀರ ವಿಷಯ. ಬೇಲಿ, ಕಾವಲುಠಾಣೆಗಳ ಹತ್ತಿರ ತಂಗಬೇಡಿ, ಫೋಟೊ ತೆಗೆಯಬೇಡಿ, ಡ್ರೋನ್ ತರಲೇಬೇಡಿ. ಮನೆ, ತೋಟ, ಬಾವಿಗಳಿಂದಲೂ ದೂರವಿರಿ.

ನೆರಳಿಗಾಗಿ ಮರ ಕಂಡರೆ ಗುರುತು ಹಿಡಿಯಿರಿ. ಇಲ್ಲಿನವರು ಘಾಫ್ ಎನ್ನುವುದು ನಾವು ವಿಜಯದಶಮಿಗೆ ಪೂಜಿಸುವ ಬನ್ನಿ ಮರವನ್ನೇ. ಅದರ ಕೊಂಬೆ ಮುರಿದು ಒಲೆಗೆ ಹಾಕಬೇಡಿ. ಸೌದೆ, ಇದ್ದಿಲು ಪಟ್ಟಣದಿಂದಲೇ ಒಯ್ಯಿರಿ. ಸಮ್ರ್ ಎಂಬ ಮುಳ್ಳಿನ ಜಾಲಿಯ ಕೆಳಗೆ ಗಾಡಿ ನಿಲ್ಲಿಸಿದರೆ ಟೈರಿಗೆ ಕುತ್ತು. ಚಳಿಯೆಂದು ಇದ್ದಿಲಿನ ಒಲೆಯನ್ನು ಕ್ಯಾರವಾನ್ ಒಳಗೆ ಇಡಲೇಕೂಡದು. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಹೊರಡುವ ಮುನ್ನ

- ವೀಸಾ: ರಾಯಲ್ ಒಮಾನ್ ಪೊಲೀಸರ ಇ-ವೀಸಾ ವ್ಯವಸ್ಥೆಯಲ್ಲಿ ಮೊದಲೇ ಪಡೆಯಿರಿ. ನಿಮ್ಮ ವೀಸಾಕ್ಕೆ ಯಾವ ಗಡಿಠಾಣೆ ಸಲ್ಲುತ್ತದೆಂದು ಖಚಿತಪಡಿಸಿಕೊಳ್ಳಿ.
- ವಿಮೆ: ಎಮಿರೇಟ್ಸ್‌ನ ವಾಹನಕ್ಕೆ ಒಮಾನ್ ರಕ್ಷಣೆಯಿರುವ ವಿಮೆ ಬೇಕು. ಎಳೆದು ತರುವ ಕ್ಯಾರವಾನ್‌ನ ನೋಂದಣಿ ಪತ್ರವೂ ಕೈಯಲ್ಲಿರಲಿ. ಬಾಡಿಗೆ ಗಾಡಿಯಾದರೆ ಗಡಿ ದಾಟಲು ಕಂಪನಿಯ ಲಿಖಿತ ಒಪ್ಪಿಗೆ ಬೇಕು.
- ದಿನ: ಒಮಾನಿನ ವಾರದ ರಜೆ ಶುಕ್ರವಾರ, ಶನಿವಾರ. ಎಮಿರೇಟ್ಸ್‌ನದು 2022ರಿಂದ ಶನಿವಾರ, ಭಾನುವಾರ. ಎರಡೂ ಕಡೆಯ ಬಂಧುಗಳು ಸೇರುವುದಾದರೆ ಶುಕ್ರವಾರದ ರಾತ್ರಿಯೇ ಎಲ್ಲರಿಗೂ ಒಗ್ಗುವುದು.
- ಫೋನ್: ಗಡಿಯ ಬಳಿ ಮೊಬೈಲ್ ಆಚೆಯ ದೇಶದ ಸಿಗ್ನಲ್ ಹಿಡಿದು ರೋಮಿಂಗ್ ಬಿಲ್ ಏರಿಸಬಹುದು. ನೆಟ್‌ವರ್ಕ್ ಅನ್ನು ಕೈಯಾರೆ ಆರಿಸಿಡಿ. ಒಮಾನಿನ ತುರ್ತು ಸಂಖ್ಯೆ 9999.
- ರಸ್ತೆ: ರಾತ್ರಿ ಒಂಟೆಗಳು ದಾರಿಗೆ ಅಡ್ಡ ಬರುತ್ತವೆ. ಬೆಳಕಿರುವಾಗಲೇ ತಾಣ ಸೇರಿ.

ನಮ್ಮ ಸಲಹೆ

ಮೊದಲ ಸಲ ಬರುವವರು ಮೂರು ರಾತ್ರಿಯನ್ನು ಹೀಗೆ ಹಂಚಿಕೊಳ್ಳಿ. ಮೊದಲ ರಾತ್ರಿ ಬುರೈಮಿಯ ಇಸ್ತಿರಾಹಾದಲ್ಲಿ ತಂಗಿ, ಬ್ಯಾಟರಿ ಚಾರ್ಜ್ ಮಾಡಿ, ನೀರು ತುಂಬಿಸಿ, ಕೋಟೆ ನೋಡಿ. ಎರಡನೆಯ ರಾತ್ರಿ ಮಹದಾದ ಬಯಲು. ಮೂರನೆಯದಕ್ಕೆ ಮತ್ತೆ ಸೌಲಭ್ಯದ ತಾಣಕ್ಕೆ ಬಂದು ಕ್ಯಾಸೆಟ್ ಖಾಲಿ ಮಾಡಿ, ಎಲ್ಲರೂ ಸ್ನಾನ ಮಾಡಿ ಹೊರಡಿ. ಅನುಭವಿಗಳು ನಡುವಿನ ಒಂದು ರಾತ್ರಿಯನ್ನು ಎರಡಕ್ಕೆ ಏರಿಸಬಹುದು, ಅದಕ್ಕಿಂತ ಹೆಚ್ಚಿಗೆ ಬೇಡ. ಬಯಲಿಗೆ ಬಾಡಿಗೆಯಿಲ್ಲ, ಆದರೆ ಅಲ್ಲಿ ನೀರು ಪೂರೈಸುವವರೂ ಕಸ ಎತ್ತುವವರೂ ನೀವೇ. ಆ ಎರಡು ಕೆಲಸಕ್ಕೆ ತಯಾರಾಗಿ ಬಂದ ಕುಟುಂಬಕ್ಕೆ ಮಾತ್ರ ಬಯಲು ಸಲ್ಲುತ್ತದೆ. ತಯಾರಿ ಅರೆಬರೆಯಾಗಿದ್ದರೆ ಸೌಲಭ್ಯದ ತಾಣ ಹಿಡಿಯಿರಿ, ಬೆಟ್ಟ ನೋಡಲು ಹಗಲು ಹೋಗಿಬನ್ನಿ.