ಹಳೇ ಓಮ್ನಿ ಸ್ಟಾರ್ಟ್ ಆಗುತ್ತಿಲ್ಲವೇ? ಖರ್ಚಿಗೆ ಮುನ್ನ ಎಂಟು ಸೂತ್ರ

1984ರಲ್ಲಿ ಮಾರುತಿ ವ್ಯಾನ್ ಆಗಿ ರಸ್ತೆಗಿಳಿದು, ಮುಂದೆ ಓಮ್ನಿ ಎಂದು ಹೆಸರಾದ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆದರೂ ಎಷ್ಟೋ ಮನೆಗಳಿಗೆ ಇವತ್ತಿಗೂ ಅದೇ ಆಧಾರ. ಅದು ಸ್ಟಾರ್ಟ್ ಆಗದಿದ್ದಾಗ ಇವತ್ತು ಬ್ಯಾಟರಿ, ನಾಳೆ ಸೆಲ್ಫ್ ಮೋಟರ್ ಎಂದು ಬದಲಿಸುತ್ತಾ ಹೋದರೆ ದುಡ್ಡು ಕರಗುತ್ತದೆ, ದೋಷ ಉಳಿಯುತ್ತದೆ. ಮೊದಲು ಪತ್ತೆ, ಆಮೇಲೆ ಖರ್ಚು. ಜೊತೆಗೊಂದು ಸಾದಾ ಮಲ್ಟಿಮೀಟರ್ ಇರಲಿ.

1. ಸದ್ದು ಕೇಳಿಸಿಕೊಳ್ಳಿ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಸೆಲ್ಫ್ ಹೊಡೆಯಿರಿ. ಕಟಕಟ ಎಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ಒಂದೇ ಸಲ 'ಟಕ್' ಎಂದು ಸುಮ್ಮನಾದರೆ ಸೆಲ್ಫ್ ಮೋಟರ್, ಅದರ ಸಾಲೆನಾಯ್ಡ್ ಅಥವಾ ದಪ್ಪ ಕೇಬಲ್ ಮೇಲೆ ಅನುಮಾನ. ಇಂಜಿನ್ ಜೋರಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಕೊರತೆ ಕಿಡಿಯದ್ದೋ ಪೆಟ್ರೋಲಿನದ್ದೋ.

2. ಹೆಡ್‌ಲೈಟ್ ಹಾಕಿ ನೋಡಿ. ಸೆಲ್ಫ್ ಹೊಡೆದಾಗ ಬೆಳಕು ಪೂರ್ತಿ ಸತ್ತರೆ ಬ್ಯಾಟರಿ ಅಥವಾ ಟರ್ಮಿನಲ್ ನೋಡಿ. ಬೆಳಕು ಸ್ವಲ್ಪವೂ ಕುಗ್ಗದೆ, ಸದ್ದೂ ಬರದಿದ್ದರೆ ಸೆಲ್ಫ್‌ವರೆಗೆ ಕರೆಂಟೇ ಹೋಗುತ್ತಿಲ್ಲ. ಫ್ಯೂಸ್, ಇಗ್ನಿಷನ್ ಸ್ವಿಚ್, ಸಾಲೆನಾಯ್ಡ್‌ಗೆ ಹೋಗುವ ಸಣ್ಣ ವೈರ್ ಪರೀಕ್ಷಿಸಿ.

3. ವೋಲ್ಟ್ ಅಳೆಯಿರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12ರ ಆಸುಪಾಸಿನಲ್ಲಿದ್ದರೆ ಬಹುತೇಕ ಖಾಲಿ. ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಹೊಸ ಬ್ಯಾಟರಿಗೆ ಕಾಲ ಬಂದಿದೆ.

4. ಟರ್ಮಿನಲ್ ಉಜ್ಜಿ, ಅರ್ತ್ ಬಿಗಿ ಮಾಡಿ. ಹಳೇ ಗಾಡಿಯ ನಿಜವಾದ ಕಳ್ಳ ಇಲ್ಲೇ ಅಡಗಿರುತ್ತಾನೆ. ಮೊದಲು ನೆಗೆಟಿವ್ ಬಿಚ್ಚಿ. ಜೋಡಿಸುವಾಗ ಅದನ್ನು ಕೊನೆಗೆ ಹಾಕಿ. ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ನೀರಿನಿಂದ ತೊಳೆದು, ಒರೆಸಿ, ಲೋಹ ಹೊಳೆಯುವಂತೆ ಉಜ್ಜಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಬಾಡಿ ಮತ್ತು ಇಂಜಿನ್‌ಗೆ ಹೋಗುವ ಅರ್ತ್ ಕೇಬಲ್‌ನ ತುಕ್ಕನ್ನೂ ತೆಗೆಯಿರಿ. ಸೆಲ್ಫ್ ಹೊಡೆಯುವಾಗ ನೆಗೆಟಿವ್ ಟರ್ಮಿನಲ್‌ಗೂ ಇಂಜಿನ್ ಲೋಹಕ್ಕೂ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ ಎಂದೇ ಅರ್ಥ.

5. ಡೈನಮೋ ಪರೀಕ್ಷಿಸಿ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಕಡಿಮೆಯಿದ್ದರೆ ಬೆಲ್ಟ್, ವೈರಿಂಗ್, ಡೈನಮೋ ನೋಡಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ.

6. ರಾತ್ರಿ ಸೋರುವ ಕರೆಂಟ್ ಹಿಡಿಯಿರಿ. ಕೀ ತೆಗೆದು, ಬಾಗಿಲು ಮುಚ್ಚಿ, ನೆಗೆಟಿವ್ ಕೇಬಲ್ ಬಿಚ್ಚಿ, ಅದಕ್ಕೂ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ನಡುವೆ ಮೀಟರನ್ನು ಆಂಪಿಯರ್‌ನಲ್ಲಿಟ್ಟು ಜೋಡಿಸಿ. ಮೀಟರ್ ಜೋಡಿಸಿದ್ದಾಗ ಸೆಲ್ಫ್ ಹೊಡೆಯಲೇಬೇಡಿ. ರೀಡಿಂಗ್ 0.05 ಆಂಪಿಯರ್ ಮೀರಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ರೀಡಿಂಗ್ ಇಳಿಯುತ್ತದೋ ಆ ಲೈನಿನಲ್ಲಿ ದೋಷ. ಗಾಡಿ ಕೊಂಡ ಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಅಲಾರಂಗಳನ್ನು ಮೊದಲು ಶಂಕಿಸಿ.

7. ಮಳೆಗಾಲದಲ್ಲಿ ಕಿಡಿಯತ್ತ ಗಮನ ಕೊಡಿ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗಿದೆ. ಕಾರ್ಬುರೇಟರ್ ಮಾದರಿಯಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕುಳಿತರೆ ಕಿಡಿ ದಾರಿ ತಪ್ಪುತ್ತದೆ. ಕೀ ತೆಗೆದು, ಮುಚ್ಚಳ ಬಿಚ್ಚಿ, ಒಣಬಟ್ಟೆಯಿಂದ ಒರೆಸಿ. ಬಿರುಕು ಕಂಡರೆ ಬದಲಿಸಿ. ಪೆಟ್ರೋಲಿನ ಕಡೆಯೂ ನೋಡಿ: ಎಂಪಿಎಫ್ಐ (ಇಂಜೆಕ್ಷನ್) ಮಾದರಿಯಲ್ಲಿ ಕೀ ಆನ್ ಮಾಡಿದೊಡನೆ ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಎನ್ನಬೇಕು. ಎನ್ನದಿದ್ದರೆ ಅದರ ಫ್ಯೂಸ್, ರಿಲೇ ನೋಡಿ.

8. ಈ ಮೂರನ್ನು ಎಂದೂ ಮಾಡಬೇಡಿ. ಸುಟ್ಟ ಫ್ಯೂಸ್ ಜಾಗಕ್ಕೆ ತಂತಿ ಸುತ್ತಬೇಡಿ, ವೈರಿಂಗ್ ಹೊತ್ತಿಕೊಳ್ಳುತ್ತದೆ. ಹತ್ತು ಸೆಕೆಂಡ್ ಮೀರಿ ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧ ನಿಮಿಷ ಬಿಡಿ. ಪೆಟ್ರೋಲ್ ಅಥವಾ ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಎಲ್ಲರನ್ನೂ ಇಳಿಸಿ ದೂರ ಸರಿಯಿರಿ.

ಇಷ್ಟಾದ ಮೇಲೂ ಗಾಡಿ ಹಟ ಹಿಡಿದರೆ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಹೋಗಿ. ಆದರೆ ಬರಿಗೈಯಲ್ಲಿ ಹೋಗಬೇಡಿ: ಕೇಳಿದ ಸದ್ದು, ಅಳೆದ ವೋಲ್ಟ್, ತೆಗೆದು ನೋಡಿದ ಫ್ಯೂಸ್ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಡಿ. ಅವರು ಊಹೆಯಿಂದ ಶುರು ಮಾಡಬೇಕಿಲ್ಲ. ನಿಮ್ಮ ಬಿಲ್ಲೂ ಹಗುರಾದೀತು.